ಒಂದೇ ಕೈಯಲ್ಲಿ ತೆರೆಯುವ ಚಾಕು

ಮಾವ,

ಹದಿನಾಲ್ಕು ವರ್ಷ ಒಂದೇ ಮನೆಯಲ್ಲಿದ್ದೆವು. ನಿಮಗೆ ಬರೆದು ತಿಳಿಸಬೇಕಾದ ಪ್ರಸಂಗವೇ ಬರಲಿಲ್ಲ. ಈಗ ಒಂದು ಸುದ್ದಿ ಇದೆ. ಅದನ್ನು ಹೇಳಬೇಕಾದರೆ ನಾವಿಬ್ಬರೂ ಚಾಕು ಕೊಂಡ ದಿನದಿಂದ ಶುರು ಮಾಡಬೇಕು.

ದೇವರಾಯನದುರ್ಗದಿಂದ ಇಳಿಯುವಾಗ ನನ್ನ ಬೆನ್ನಿಗೆ ಏನೋ ಚುಚ್ಚಿತ್ತಲ್ಲ, ನೆನಪಿದೆಯೇ? ಹಣ್ಣು ಹೆಚ್ಚಲೆಂದು ಅಡುಗೆಮನೆಯ ಚಾಕುವನ್ನು ಪೇಪರಿನಲ್ಲಿ ಸುತ್ತಿ ತಂದಿದ್ದೆ. ಅದು ಪೇಪರನ್ನೂ ಬ್ಯಾಗನ್ನೂ ಸೀಳಿಕೊಂಡು ಹೊರಬಂದಿತ್ತು. ಗಾಯ ದೊಡ್ಡದೇನಲ್ಲ. ನೀವು ಮಾತ್ರ ಸರ್ಕಾರಿ ಕಾರ್ಖಾನೆಯ ಟೂಲ್ ರೂಮಿನಲ್ಲಿ ಮೂವತ್ತೈದು ವರ್ಷ ದುಡಿದವರ ಗತ್ತಿನಲ್ಲಿ, "ಕಂಪನೀಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಅಂತೆ ನೀನು! ಬೆಟ್ಟಕ್ಕೆ ಈಳಿಗೆಮಣೆ ತರ್ಲಿಲ್ವಲ್ಲ, ನನ್ನ ಪುಣ್ಯ" ಅಂದಿರಿ. ನಿಮ್ಮ ಮಗ ಮಂಜುವಿಗೆ ಬೆಟ್ಟದ ಗೋಜೇ ಬೇಡವಾಗಿತ್ತು. ಮಾವ-ಸೊಸೆ ಜೊತೆಯಾಗಿ ಹತ್ತಲು ಹೋಗುವುದನ್ನು ಕಂಡು ಅಪಾರ್ಟ್‌ಮೆಂಟಿನವರು ಮೊದಮೊದಲು ನಕ್ಕರು, ಆಮೇಲೆ ಅವರಿಗೂ ಅಭ್ಯಾಸವಾಯಿತು.

ಮರುವಾರ ನನ್ನ ಶಿಫ್ಟ್ ಮುಗಿಯುವ ಹೊತ್ತಿಗೆ ನೀವು ಪೀಣ್ಯದಲ್ಲಿ ನಮ್ಮ ಕಂಪನಿಯ ಗೇಟಿನ ಎದುರು ಬಂದು ನಿಂತಿದ್ದಿರಿ. ಅಲ್ಲಿಂದ ಎರಡು ರಸ್ತೆ ದಾಟಿದರೆ ಟೂಲ್ಸ್ ಅಂಗಡಿ. ಅಂಗಡಿಯವನು ಏಳೆಂಟು ಮಡಚುವ ಚಾಕುಗಳನ್ನು ಮುಂದೆ ಹರಡಿದ.

"ಸಾರ್, ಇದು ತಗೊಳ್ಳಿ. ಇದ್ರಲ್ಲೇ ಚಮಚ ಇದೆ, ಕತ್ರಿ ಇದೆ, ಬಾಟ್ಲಿ ಓಪನರ್ರೂ ಇದೆ."

"ನಾವು ಬೆಟ್ಟಕ್ಕೆ ಹೋಗೋರಪ್ಪ, ಪಾರ್ಟಿಗಲ್ಲ," ಅಂದಿರಿ.

ಆಮೇಲೆ ಅರ್ಧ ಗಂಟೆ ಪಾಠ ನಡೆಯಿತು. "ಚೂಪು ನೋಡಿ ಮರುಳಾಗ್ಬೇಡ ಗಿರಿಜಾ. ಹೊಸ ಚಾಕು ಎಲ್ಲಾನೂ ಚೂಪೇ. ಲಾಕು ನೋಡು. ಕೆಲಸದ ಮಧ್ಯೆ ಮಡಚ್ಕೊಂಡ್ರೆ ಕುಯ್ಯೋದು ನಿನ್ನ ಬೆರಳನ್ನೇ." ಪ್ರತಿಯೊಂದನ್ನೂ ನನ್ನಿಂದಲೇ ತೆರೆಸಿ, ಅಲಗಿನ ಬೆನ್ನನ್ನು ಕೌಂಟರಿಗೆ ಮೆಲ್ಲಗೆ ಒತ್ತಿಸಿದಿರಿ. ಎರಡು ಚಾಕುಗಳ ಲಾಕು ಅಷ್ಟಕ್ಕೇ ಜಾರಿತು. ಅಲಗನ್ನು ಅತ್ತಿತ್ತ ಅಲುಗಿಸಿ ನೋಡಿ, ಸಡಿಲವಿದ್ದ ಇನ್ನೆರಡನ್ನು ಪಕ್ಕಕ್ಕಿಡಿಸಿದಿರಿ. ನೀರು ತರಿಸಿ ನನ್ನ ಅಂಗೈ ಒದ್ದೆ ಮಾಡಿಸಿದಿರಿ. ಮಿರಮಿರ ಮಿಂಚುವ ಸ್ಟೀಲ್ ಹಿಡಿ ಜಾರಿತು, ತರಿತರಿಯಾದದ್ದು ನಿಂತಿತು. ಉದ್ದ ಅಲಗಿನದೊಂದನ್ನು ನಾನೇ ಎತ್ತಿಕೊಂಡಾಗ, "ನಾಲ್ಕು ಬೆರಳಗಲ ಸಾಕು. ನೀನೇನು ಹುಲಿ ಹೊಡೀತೀಯಾ?" ಅಂದಿರಿ. ಅಂಗಡಿಯವನೂ ನಕ್ಕ.

ಕೊನೆಗೆ ಎರಡು ಉಳಿದವು. ಒಂದನ್ನು ತೆರೆಯಲು ಅಲಗಿನ ಗೀರಿಗೆ ಉಗುರು ಸಿಕ್ಕಿಸಿ ಎಳೆಯಬೇಕು. ಇನ್ನೊಂದರಲ್ಲಿ ಪುಟ್ಟ ಗುಬಟು, ಹಿಡಿದ ಕೈಯ ಹೆಬ್ಬೆರಳಿನಿಂದಲೇ ಅಲಗನ್ನು ಹೊರಕ್ಕೆ ತಳ್ಳಬಹುದು. ನಿಮಗೆ ಮೆಚ್ಚಿಗೆಯಾದದ್ದು ಮೊದಲನೆಯದರ ಉಕ್ಕು. ಗೀರಿಗೆ ಉಗುರಿಟ್ಟು ಎಳೆದಿರಿ. ಬರಲಿಲ್ಲ. ಮತ್ತೆ ಎಳೆದಿರಿ. ಬಿಗಿ ಇದೆಯೆಂದು ಅಂಗಡಿಯವನು ಒಂದು ತೊಟ್ಟು ಎಣ್ಣೆ ಬಿಟ್ಟ. ಮೂರನೆಯ ಸಲ ನೀವು ಚಾಕುವನ್ನು ಬಲಗೈಗೆ ದಾಟಿಸಿ, ಎಡಗೈ ಉಗುರಿನಿಂದ ತೆರೆದಿರಿ.

"ಇದು ಬೇಡ. ಒಂದೇ ಕೈಯಲ್ಲಿ ತೆರೆಯೋದೇ ಇರ್ಲಿ. ಬೆಟ್ಟದಲ್ಲಿ ಇನ್ನೊಂದು ಕೈ ಬಂಡೆ ಹಿಡ್ಕೊಂಡಿರುತ್ತೆ," ಅಂದಿರಿ. ಕಾರಣ ಸರಿಯಾಗಿಯೇ ಇತ್ತು. ಆದರೂ ನಾನು ಆ ಮೊದಲನೆಯದನ್ನು ಎತ್ತಿಕೊಂಡು ನೋಡಿದೆ. ಸಲೀಸಾಗಿ ತೆರೆಯಿತು. ದಿನವಿಡೀ ಕೂದಲೆಳೆಯಷ್ಟು ವ್ಯತ್ಯಾಸ ಹಿಡಿಯುವುದೇ ನನ್ನ ಕೆಲಸ. ಎದುರಿಗಿದ್ದ ನಿಮ್ಮ ಕೈ ನನಗೆ ಕಾಣದೇ ಹೋದೀತೇ?

ಮೆಟ್ರೋದಲ್ಲಿ ಚಾಕು ಬಿಡುವುದಿಲ್ಲವೆಂದು ಅಂದು ಬಸ್ಸಿನಲ್ಲಿ ಬಂದೆವು. ಸೀಟು ಸಿಕ್ಕ ಮೇಲೆ ಕೇಳಿದೆ, "ಮಾವ, ಬಲಗೈ ಎಷ್ಟು ದಿನದಿಂದ ಹೀಗೆ?"

"ಕಂಡ್ಬಿಡ್ತಾ?" ಅಂದಿರಿ.

"ಡಾಕ್ಟ್ರ ಹತ್ರ ಹೋಗೋಣ."

"ಹೋಗೋಣ. ಆದ್ರೆ ಮಂಜುಗೆ ಹೇಳ್ಬೇಡಮ್ಮ. ಬೆಟ್ಟ ನಿಲ್ಲಿಸಿಬಿಡ್ತಾನೆ."

ನಾನು ಒಪ್ಪಿದೆ. ಯಾಕೆ ಒಪ್ಪಿದೆ ಎಂದು ಆಮೇಲೆ ಎಷ್ಟು ಸಲ… ಇರಲಿ. ಡಾಕ್ಟರ ಮಾತೆತ್ತಿದಾಗಲೆಲ್ಲ ನೀವು "ನೋಡೋಣ" ಅಂದಿರಿ. ಇನ್ನೂ ಮೂರು ಬೆಟ್ಟ ಹತ್ತಿದೆವು. ಹಣ್ಣು ಹೆಚ್ಚುವುದು, ಹಗ್ಗ ಕತ್ತರಿಸುವುದು ಎಲ್ಲ ನನ್ನ ಪಾಲಿಗೆ ಬಂತು.

ಆ ಬೆಳಿಗ್ಗೆ ಬಾಲ್ಕನಿಯಲ್ಲಿ ಪೇಪರ್ ಓದುತ್ತಿದ್ದ ನೀವು ಕುರ್ಚಿಯಿಂದ ವಾಲಿದಿರಿ. ಪಾರ್ಶ್ವವಾಯು ಅಂದರು. "ಮೊದ್ಲೇ ಕೈಯಲ್ಲಿ ಬಲ ಕಮ್ಮಿ ಆಗಿತ್ತಾ?" ಎಂದು ಡಾಕ್ಟರು ನಮ್ಮಿಬ್ಬರನ್ನೂ ಕೇಳಿದರು. ಮಂಜು ಸುಮ್ಮನಿದ್ದರು. ನಾನೂ ಸುಮ್ಮನಿದ್ದೆ. ಐದನೆಯ ದಿನ ನೀವು ಹೋದಿರಿ. ಒಂದು ಮಾತು ಮೊದಲೇ ಹೇಳಿದ್ದರೆ ನೀವು ಉಳಿಯುತ್ತಿದ್ದಿರೇ? ಒಂದು ವರ್ಷ ನನಗಿದ್ದದ್ದು ಇದೊಂದೇ ಪ್ರಶ್ನೆ. ಬೆಟ್ಟದ ಕಡೆ ಮುಖ ಹಾಕಲಿಲ್ಲ.

ಕಳೆದ ತಿಂಗಳು ಬೀರು ಖಾಲಿ ಮಾಡುವಾಗ ಚಾಕು ಮಂಜುವಿನ ಕೈಗೆ ಸಿಕ್ಕಿತು. "ಇದು ಅಪ್ಪಂದಾ?" ಎಂದು ಕೇಳಿದರು. ತಡೆಯಲಾಗಲಿಲ್ಲ. ಅಂಗಡಿಯ ವಿಷಯ, ಬಸ್ಸಿನ ವಿಷಯ, ಎಲ್ಲ ಹೇಳಿಬಿಟ್ಟೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಮಂಚದ ಅಂಚಿನಲ್ಲಿ ಕೂತರು.

"ಗಿರಿಜಾ, ನಂಗೂ ಗೊತ್ತಿತ್ತು. ಅಂಗಿ ಗುಂಡಿ ಹಾಕ್ಕೊಳ್ಳೋಕೆ ಒದ್ದಾಡ್ತಿದ್ರು. ನಾನೇ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿದ್ದೆ. ಸ್ಕ್ಯಾನ್ ಮಾಡಿ ಮಾತ್ರೆ ಕೊಟ್ರು. ದಿನಾ ಪಾರ್ಕಿಗೆ ಬಿಡೋ ನೆಪದಲ್ಲಿ ಕಾರಲ್ಲೇ ನುಂಗಿಸ್ತಿದ್ದೆ."

"ನಂಗ್ಯಾಕೆ ಹೇಳ್ಲಿಲ್ಲ?"

"ನಿಂಗೆ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ರು. ಅವಳಿಗೆ ಗೊತ್ತಾದ್ರೆ ಬೆಟ್ಟ ನಿಲ್ಲಿಸಿಬಿಡ್ತಾಳೆ ಅಂದ್ರು."

"ಆಸ್ಪತ್ರೇಲಿ ಯಾಕೆ ಸುಮ್ನಿದ್ರಿ?"

"ನೀನು ಪಕ್ಕದಲ್ಲೇ ಇದ್ಯಲ್ಲ. ಆಮೇಲೆ ಒಬ್ನೇ ಹೋಗಿ ಡಾಕ್ಟ್ರಿಗೆ ಎಲ್ಲಾ ಹೇಳಿದೆ. ಔಷಧಿ ಸರಿಯಾಗೇ ನಡೀತಿತ್ತು, ಆದ್ರೂ ಕೆಲವು ಸಲ ಹೀಗಾಗುತ್ತೆ ಅಂದ್ರು." ಮತ್ತೆ ಹೇಳಿದರು: "ಬೆಟ್ಟ ಹತ್ತಲಿ, ಆದ್ರೆ ಜೊತೇಲಿ ಒಬ್ರು ಇರ್ಬೇಕು ಅಂತ ಡಾಕ್ಟ್ರು ಮೊದ್ಲೇ ಹೇಳಿದ್ರು. ನೀನಿದ್ಯಲ್ಲ. ಅದಕ್ಕೇ ಬಿಟ್ಟೆ."

ಮಾವ, ನನಗೆ ಮೊದಲು ಬಂದದ್ದು ಸಿಟ್ಟು. ಒಂದು ವರ್ಷ ನಾನೂ ಮಂಜುವೂ ಒಂದೇ ಗುಟ್ಟನ್ನು ಬೇರೆ ಬೇರೆಯಾಗಿ ಇಟ್ಟುಕೊಂಡು ಅಕ್ಕಪಕ್ಕ ಮಲಗಿದೆವಲ್ಲ, ಇದನ್ನು ನಿಮಗೆ ಹೇಳದೆ ಯಾರಿಗೆ ಹೇಳಲಿ? ಸಿಟ್ಟು ಇಳಿಯಲು ನಾಲ್ಕು ದಿನ ಬೇಕಾಯಿತು. ಇಳಿದ ಮೇಲೆ ಎದೆ ಹಗುರವಾಗಿತ್ತು.

ಮೊನ್ನೆ ಭಾನುವಾರ ಮಂಜು ತಾವಾಗಿಯೇ ನನ್ನನ್ನು ಕರೆದುಕೊಂಡು ಶಿವಗಂಗೆ ಬೆಟ್ಟಕ್ಕೆ ಹೊರಟರು. ಅರ್ಧ ದಾರಿಗೆ ಏದುಸಿರು ಬಂತು. ಮೆಟ್ಟಿಲ ಮೇಲೆ ಕೂತರು. ಕೂತವರು, ನೀವು ಹೋದಾಗಲೂ ಅಳದವರು, ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಪಕ್ಕದಲ್ಲಿ ಮಜ್ಜಿಗೆ ಮಾರುತ್ತಿದ್ದ ಹೆಂಗಸು ಎದ್ದು ಬಂದಳು.

"ಯಾಕಣ್ಣ, ಕಾಲು ನೋವಾ? ಇಂಗೆ ನೆಳ್ಳಿಗೆ ಬಾ, ಮಜ್ಗೆ ಕುಡಿ."

"ಹೂಂ, ಕಾಲು ನೋವು," ಅಂದರು.

ನಾನು ತಿದ್ದಲಿಲ್ಲ. ಇಬ್ಬರೂ ಎರಡೆರಡು ಲೋಟ ಮಜ್ಜಿಗೆ ಕುಡಿದೆವು. ಕಾಲು ನೋವು ಕಡಿಮೆಯಾದ ಮೇಲೆ ಮುಂದಕ್ಕೆ ಹತ್ತಿದೆವು.

ನಿಮ್ಮ ಸೊಸೆ,
ಗಿರಿಜಾ