ಅಮ್ಮನಿಗೆಂದು ಬೇರೆ ಕ್ಯಾನ್ ಇಲ್ಲ

ಚೆಂಗ್‌ಗೊಂಗ್ ಬಂದರು,
ಸೆಪ್ಟೆಂಬರ್ 19, ಶುಕ್ರವಾರ

ಮುದ್ದಿನ ಪೆಯ್‌ಶಾನ್,

ಉಂಡೆಯಾ? ಹೊತ್ತಿಗೆ ಸರಿಯಾಗಿ ಉಣ್ಣದವಳನ್ನು ಮೊದಲು ಕೇಳಬೇಕಾದ್ದು ಇದನ್ನೇ. ಅವತ್ತು ಫೋನ್ ಕುಕ್ಕಿದವಳು ನಾನು. ಈಗ ನಾನೇ ಮೊದಲು ಮಾಡಿದರೆ ನನ್ನ ಮರ್ಯಾದೆ ಏನಾಗಬೇಕು? ಅದಕ್ಕೇ ಈ ಕಾಗದ.

ಚಂಡಮಾರುತಕ್ಕೆ ಬೆಟ್ಟ ಕುಸಿದು ರಸ್ತೆ, ರೈಲು ಎರಡೂ ನಿಂತ ಮೇಲೆ ನಮ್ಮ ಡಯಾಲಿಸಿಸ್ ವಾರ್ಡಿನಲ್ಲಿ ದ್ರಾವಣದ ಕ್ಯಾನುಗಳು ಮುಗಿಯುತ್ತ ಬಂದವು. ಇಡೀ ದ್ವೀಪಕ್ಕೆ ಅದನ್ನು ಕಳಿಸುವ ಕಂಪನಿಯಲ್ಲಿ ಸರಬರಾಜಿನ ಮುಖ್ಯಸ್ಥೆ ನನ್ನ ಮಗಳೇ ಇರುವಾಗ ನನಗೇನು ಭಯ ಎಂದುಕೊಂಡು, 'ವಿಮಾನದಲ್ಲಿ ನಂಗೊಂದೆರಡು ಕ್ಯಾನ್ ಹಾಕ್ಸು' ಎಂದೆ. ನೀನು, 'ಅಮ್ಮ, ನಿಂಗೇ ಅಂತ ಬೇರೆ ಕ್ಯಾನ್ ಇಲ್ಲ. ಬಂದ್ರೆ ಎಲ್ಲರಿಗೂ ಬರುತ್ತೆ' ಅಂದುಬಿಟ್ಟೆ. ತುಂಬ ನೋವಾಗಿ ಫೋನ್ ಕುಕ್ಕಿದೆ. ವಾರ್ಡಿನಲ್ಲೆಲ್ಲ ನಿನ್ನನ್ನು ಕಲ್ಲು ಎಂದು ಬೈದೆ. ಪಕ್ಕದ ಹಾಸಿಗೆಯ ಚುನ್‌ಮೇಯ್ ಬಿಡುತ್ತಾಳೆಯೇ? 'ಮಗಳದ್ದು ಸಾಮಾನು ಕಳ್ಸೋ ಕೆಲ್ಸ ಅಂತಿದ್ಯಲ್ಲ, ಹೆತ್ತೋಳಿಗೇ ಕಳ್ಸಕ್ಕಾಗಲ್ವೇನೇ?' ಎಂದು ಚುಚ್ಚಿದಳು.

ಡಯಾಲಿಸಿಸ್ ಯಂತ್ರ ಕೆಡದೆ ಹೇಳಿದ ಮಾತು ಕೇಳಲಿ ಎಂದು ಅದರ ಮೇಲೆ ಒಡೆಯದೆ ಇಡುವ, ತಾರೀಖು ಮುಗಿಯದ ಹಸಿರು ಪೊಟ್ಟಣದ ಕುರುಕಲು ಅಂಗಡಿಗಳಲ್ಲಿ ಖಾಲಿಯಾಗಿತ್ತು. ಗಾಬರಿಯಲ್ಲಿ ನಾನು ಹಳದಿ ಪೊಟ್ಟಣ ತಂದಿಟ್ಟೆ. ನರ್ಸ್ ವಾನ್‌ಜೂ ಹೌಹಾರಿದಳು. 'ಅಜ್ಜಿ, ಹಳದಿ ಇಟ್ರೆ ಕೆಟ್ಟು ನಿಲ್ಲುತ್ತೆ ಅಂತ ಗೊತ್ತಿಲ್ವಾ? ರಸ್ತೆ ಯಾಕೆ ಕುಸೀತು ಅಂತ ಈಗ ತಿಳೀತು ಬಿಡಿ' ಎಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ; ಕಾಲು ಆಗಲೇ ಬಾತಿತ್ತು, ಮಲಗಿದರೆ ಉಸಿರು ಕಟ್ಟುತ್ತಿತ್ತು.

ನಿನ್ನೆ ಬೆಳಿಗ್ಗೆ ದಕ್ಕೆಯಲ್ಲಿ ಗದ್ದಲ ಕೇಳಿ ಕಿಟಕಿಗೆ ಹೋದೆ. ಗಾಳಿಗೆ ಹೆದರಿ ನಿಮ್ಮ ಕಾವ್‌ಶಿಯುಂಗ್ ಬಂದರಿನಲ್ಲಿ ಲಂಗರು ಹಾಕಿದ್ದ ನಮ್ಮೂರ ದೋಣಿಗಳು ಸಾಲಾಗಿ ಬರುತ್ತಿದ್ದವು, ಮೀನಿನ ಜಾಗದಲ್ಲಿ ಬಿಳಿ ಕ್ಯಾನುಗಳು. ಕಡಲದೇವಿಯ ಪಲ್ಲಕ್ಕಿ ಹೊರುವವರೆಲ್ಲ ದಕ್ಕೆಯಿಂದ ಆಸ್ಪತ್ರೆಯ ಬಾಗಿಲವರೆಗೆ ನಿಂತು ಕೈಯಿಂದ ಕೈಗೆ ದಾಟಿಸಿದರು. ದೋಣಿಯ ಯಜಮಾನ ಶೀಮು ಒದ್ದೆ ಬಟ್ಟೆಯಲ್ಲೇ ವಾರ್ಡಿಗೆ ಬಂದ. 'ಗಾಳಿ ಇನ್ನೂ ಫಿಲಿಪೀನ್ಸ್ ಹತ್ರ ಇದ್ದಾಗ್ಲೇ ನಿಮ್ಮ ಮಗಳು ಫೋನ್ ಮಾಡಿ ದೋಣಿ ಹೇಳಿಟ್ಟಿದ್ಲು ಅಕ್ಕಾ. ಈ ಸಲ ರಸ್ತೆ ಉಳಿಯಲ್ಲ ಅಂದ್ಲು. ನಾವು ನಕ್ಕಿದ್ವಿ' ಎಂದ.

ಹಾಗಾದರೆ ನಾನು ಕೂಗಾಡುವಾಗ ನಿನಗೆ ದೋಣಿಯ ವಿಷಯ ಗೊತ್ತಿತ್ತು. ಅಲೆ ಇಳಿಯುವುದೋ ಇಲ್ಲವೋ ತಿಳಿಯದೆ ಯಾರಿಗೂ ಆಸೆ ಹುಟ್ಟಿಸಬಾರದೆಂದು ಹೆತ್ತವಳ ಬೈಗುಳ ತಿಂದು ಸುಮ್ಮನಿದ್ದೆ. ಗೋದಾಮಿನಲ್ಲಿ ಪೆಟ್ಟಿಗೆ ಎಣಿಸುತ್ತ ಕೆಲಸಕ್ಕೆ ಸೇರಿದ ಹುಡುಗಿಗೆ, ಇನ್ನೂ ಬೀಸದ ಗಾಳಿಯ ಆಚೆ ನಮ್ಮ ಹಾಸಿಗೆಗಳು ಹೇಗೆ ಕಂಡವು? ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಆದರೆ ನಿನ್ನನ್ನು ಹೊಗಳುತ್ತಿರುವವರು ಬಂದರಿನವರು, ಹೆತ್ತವಳಂತೂ ಬೈಯುತ್ತಲೇ ಇದ್ದಳು.

ವಾನ್‌ಜೂ ಓಡಿ ಬಂದು, 'ಮೊದಲು ನೀವೇ ಬನ್ನಿ ಅಜ್ಜಿ, ಕಳ್ಸಿದ್ದು ನಿಮ್ಮ ಮಗಳಲ್ವಾ' ಎಂದಳು. ನನಗಿಂತ ಮುಂದಿನ ಸರದಿ ಚುನ್‌ಮೇಯ್‌ದು. ಅವಳು ಏದುಸಿರು ಬಿಡುತ್ತ ನನ್ನನ್ನೇ ನೋಡುತ್ತಿದ್ದಳು. 'ನಂಗೇ ಅಂತ ಬೇರೆ ಕ್ಯಾನ್ ಇಲ್ಲ ಕಣಮ್ಮ' ಎಂದು ವಾನ್‌ಜೂಗೆ ಹೇಳಿ ಚುನ್‌ಮೇಯ್‌ಳನ್ನೇ ಮುಂದೆ ಬಿಟ್ಟೆ. ನಿನ್ನ ಮಾತು ನನ್ನ ಬಾಯಲ್ಲಿ ಬಂದದ್ದು ಕೇಳಿ ನನಗೇ ಹೆಮ್ಮೆಯಾಯಿತು. ಸಂಜೆಗೆ ನನ್ನ ಸರದಿಯೂ ಬಂತು. ಈಗ ಬಾವು ಇಳಿದಿದೆ, ಮನೆಯಲ್ಲಿದ್ದೇನೆ.

ರಸ್ತೆ ಇನ್ನೂ ಬಿಟ್ಟಿಲ್ಲ. ಈ ಕಾಗದವೂ ಶೀಮುವಿನ ದೋಣಿಯಲ್ಲೇ ಬರುತ್ತಿದೆ.

ಇಂತಿ, ಕಲ್ಲನ್ನು ಹೆತ್ತ
ನಿನ್ನ ಅಮ್ಮ

ತಾ.ಕ.: ಕ್ಯಾನುಗಳ ಜೊತೆ ನೀನು ಯಂತ್ರಕ್ಕೊಂದರಂತೆ ಕಳಿಸಿದ್ದ ಹಸಿರು ಪೊಟ್ಟಣಗಳೂ ಬಂದವು. ನನ್ನ ಯಂತ್ರದ ಪಾಲಿನದನ್ನು ವಾನ್‌ಜೂಗೆ ಕಾಣದಂತೆ ಮನೆಗೆ ತಂದು ಫೋನಿನ ಮೇಲೆ ಇಟ್ಟಿದ್ದೇನೆ. ಯಂತ್ರ ಹೇಗೂ ಓಡುತ್ತಿದೆ, ಮೊಂಡು ಹಿಡಿದಿರುವುದು ಈ ಫೋನು. ಪೊಟ್ಟಣ ಒಡೆದಿಲ್ಲ, ತಾರೀಖೂ ಮುಗಿದಿಲ್ಲ. ಆದರೂ ಇನ್ನೂ ರಿಂಗ್ ಆಗಿಲ್ಲ.