ಬಿಟ್ಟರೂ ಇಳಿಯದ ಥ್ರಾಟಲ್

ಕೆರಗೋಡು, ೪ ಮಾರ್ಚ್ ೧೯೪೪

ಇವತ್ತೂ ಮೋಟಾರು ಸೈಕಲ್ಲಿನ ಥ್ರಾಟಲ್ ಅಂಟಿತು. ಹಿಡಿ ತಿರುಗಿಸಿದರೆ ವೇಗ ಏರುತ್ತದೆ, ಬಿಟ್ಟರೆ ಇಳಿಯುವುದಿಲ್ಲ. ಮಂಡ್ಯದ ರಸ್ತೆಯಲ್ಲಿ ಕಬ್ಬಿನ ಬಂಡಿಗೆ ಗುದ್ದುವುದರಲ್ಲಿದ್ದೆ — ಗದ್ದೆಗೆ ಇಳಿಸಿ ಬಚಾವಾದೆ. ಬಂದು ಥ್ರಾಟಲಿನ ವೈರು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದೆ. ಈಗ ಸಲೀಸು. ನಾಳೆ ಹೇಗೋ.

ಹೆಂಡತಿ ಚಲುವಿಗೆ ತುಂಬು ತಿಂಗಳು. ತವರಿನಲ್ಲಿದ್ದಾಳೆ, ನಾನೂ ಇಲ್ಲಿಂದಲೇ ಕೆಲಸಕ್ಕೆ. ಹೋದ ಸಲ ನೋವು ಬಂದಾಗ ಬಂಡಿಯಲ್ಲಿ ಮಲಗಿಸಿಕೊಂಡು ಹೊರಟೆವು. ಅರ್ಧ ದಾರಿಯಲ್ಲೇ ಕೂಸು ಹೋಯಿತು. ಇನ್ನೊಮ್ಮೆ ಹಾಗಾದರೆ ತಾಯಿಯೂ ಉಳಿಯುವುದಿಲ್ಲ ಅಂದಿದ್ದಾರೆ ಮಂಡ್ಯದ ಡಾಕ್ಟರು. ಕರೆಯಲು ಹೋದರೆ ಹಿಂದೆ ಕೂತು ಬರಲು ಒಪ್ಪಿದ್ದಾರೆ. ಅದಕ್ಕೇ ಈ ಹಳೇ ಮೋಟಾರು ಸೈಕಲ್ಲು.

೫ ಮಾರ್ಚ್, ಬೆಳಿಗ್ಗೆ

ಮಾವ ಎತ್ತಿನ ಮೈ ತೀಡಿದ ಮೇಲೆ ಮೋಟಾರು ಸೈಕಲ್ಲನ್ನೂ ಒರೆಸುತ್ತಾರೆ. ಅಳಿಯನ ಮೇಲಿಲ್ಲದ ಅಕ್ಕರೆ!

೧೧ ಮಾರ್ಚ್

ಮತ್ತೆ ಅಂಟಿತು. ಮೆಕ್ಯಾನಿಕ್ ಸಿದ್ದರಾಮು ಬಿಚ್ಚಿ ನೋಡಿದ.

"ಬೆಲ್ಲದ ಪಾಕ ಅಂಟ್ದಂಗೆ ಅಂಟೈತಲ್ಲಾ. ಏನ್ಲಾ ಬುಟ್ಟಿದ್ದೀಯ ಇದ್ಕೆ?"

"ಒಂದ್ ತೊಟ್ಟೂ ಬುಟ್ಟಿಲ್ಲ ಕಣ್ಲಾ."

"ಅಂಗಾರೆ ಧೂಳು. ವೈರೂ ಅಳೇದು. ಒಸದು ಯುದ್ಧ ಮುಗಿಯೋಗಂಟ ಸಿಕ್ಕಾಕಿಲ್ಲ ಬುಡು."

ತೊಳೆದು ಕೊಟ್ಟ. ಎಲ್ಲೋ ಇಬ್ಬರು ರಾಜರು ಜಗಳವಾಡಿದರೆ ನನಗೆ ಒಂದು ಮೊಳ ವೈರಿಲ್ಲ.

೧೯ ಮಾರ್ಚ್

ಬಿಚ್ಚು, ತೊಳಿ, ಹಾಕು. ಎರಡು ದಿನಕ್ಕೆ ಮತ್ತೆ ಅದೇ. ಸೀಮೆಎಣ್ಣೆ ರೇಷನ್ನಿನದು, ಅತ್ತೆ ಬುಡ್ಡಿ ದೀಪವನ್ನೂ ಹಚ್ಚದೆ ನನಗೆ ಉಳಿಸುತ್ತಿದ್ದಾರೆ. ಚಲುವಿ ಕೇಳಿದಳು — "ಓಡ್ತದಾ?" ಓಡ್ತದೆ ಅಂದೆ. ನಂಬಿದಳು. ನನಗೆ ನಂಬಿಕೆಯಿಲ್ಲ. ಭಯವಾಗುತ್ತದೆ.

೨೪ ಮಾರ್ಚ್, ಮಧ್ಯಾಹ್ನ

ಬೆಳಿಗ್ಗೆಯೇ ನೋವು ಶುರು. ಓಡಿಬಂದು ಕಿಕ್ ಹೊಡೆದೆ. ಕೆಮ್ಮಿತು, ಸತ್ತಿತು. ಮತ್ತೆ ಹೊಡೆದೆ. ಹಿಡಿ ತಿರುಗುತ್ತಿಲ್ಲ. ವೈರಿನ ಮೇಲೆಲ್ಲ ಎಣ್ಣೆ, ಕಾರ್ಬುರೇಟರಿನ ಒಳಗೂ ಎಣ್ಣೆ. ಮೂಸಿದೆ. ಹರಳೆಣ್ಣೆ.

ಮಾವ ಪಕ್ಕದಲ್ಲೇ ನಿಂತಿದ್ದರು.

"ಬಂಡಿ ಕೀಲ್ಗೆ ಬುಡೋದು ಅದ್ನೇ ಅಲ್ವಾ ಅಳಿಯಂದ್ರೇ? ದಿನಾ ಒಂದೀಟು ಬುಡ್ತಿದ್ದೆ. ಇವತ್ತು ಬಿರ್ನೆ ಓಗ್ಬೇಕಲ್ಲಾ ಅಂತ ಇದ್ದುದ್ನೆಲ್ಲ ಉಯ್ದೆ."

ಎಲ್ಲವನ್ನೂ ಬಿಚ್ಚತೊಡಗಿದೆ.

ಪಕ್ಕದ ಮನೆಯ ಹೊನ್ನಯ್ಯ ಸೈಕಲ್ಲಿನಲ್ಲಿ ಡಾಕ್ಟರನ್ನು ಕರೆಯಲು ಹೋಗಿದ್ದಾನೆ. ಬೆಳಗಿನ ಬಸ್ಸು ಹೋಗಿಯಾಗಿತ್ತು. ಮೋಟಾರು ಸೈಕಲ್ಲಿನ ಭಾಗಗಳು ಉಳಿದ ಚೂರು ಸೀಮೆಎಣ್ಣೆಯಲ್ಲಿ ನೆನೆಯುತ್ತಿವೆ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ. ಡಾಕ್ಟರು ತಡವಾದರೆ ಬಂಡಿಯೇ ಗತಿ ಅಂತ ಮಾವ ಎತ್ತು ಕಟ್ಟಿದರು. ಕೀಲಿಗೆ ಹಾಕಲು ಹರಳೆಣ್ಣೆಯ ಬಿದಿರ ಗೊಟ್ಟ ಬಗ್ಗಿಸಿದರು. ಖಾಲಿ. ನನ್ನ ಕಡೆ ನೋಡಲಿಲ್ಲ.

ಒಳಗೆ ಚಲುವಿಯ ಕೂಗು ನಿಂತಿತು. ಕೂಸಿನ ಅಳುವಿಗೆ ಕಿವಿಗೊಟ್ಟು ಕೂತಿದ್ದೇನೆ. ಇನ್ನೂ ಇಲ್ಲ... ಅತ್ತೆ ಬಾಗಿಲಿಗೆ ಬಂದರು. ಮಾವನನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡರು.

ಮಾವ ಎತ್ತಿನ ಕೊರಳಿಂದ ನೊಗ ಕಳಚುತ್ತಿದ್ದಾರೆ. ಯಾಕೆ ಕಳಚುವುದು, ಡಾಕ್ಟರು ಇನ್ನೂ —