ಎರಡು ಚೌಕದ ಹಾಳೆ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 7:10

ನೀರಿನ ಮೋಟರ್ ಇವತ್ತೂ ಮುಷ್ಕರ. ಅಪ್ಪ ಸ್ವಿಚ್ ಹಾಕಿದರು, ಮೂರು ಏಟು ಕೊಟ್ಟರು, ಗುರ್ ಅಂತು. "ಹೊಡೆಯೋದಕ್ಕೂ ಕೈಗುಣ ಬೇಕು ಕಣಮ್ಮ." ಮುಖದಲ್ಲಿ ಯುದ್ಧ ಗೆದ್ದ ಕಳೆ. ತಲೆಯಾಡಿಸಿ ಬಸ್ಸಿಗೆ ಓಡಿದೆ.

ಸಂಜೆ

ಹೊಸ ಫೈಲ್. ಕ್ಷಿಪಣಿಯನ್ನು ಹೊಡೆದು ಉರುಳಿಸುವುದಲ್ಲ, ಮುಟ್ಟದೆ ತಡೆಯುವುದು. ಹಾರಿಸುವವರ ಕಂಪ್ಯೂಟರಿನೊಳಗೆ ನುಸುಳಿ, ಅದು ನೆಲ ಬಿಟ್ಟು ಏಳದಂತೆ ಮಾಡುವುದು. ನಮ್ಮದೇ ಮೈದಾನದಲ್ಲಿ, ನಮ್ಮದೇ ರಾಕೆಟ್ಟಿನ ಮೇಲೆ ಹನ್ನೆರಡು ಸಲ ಪರೀಕ್ಷೆ ನಡೆದಿದೆ. ಇದನ್ನು ನೂರಕ್ಕೆ ಎಷ್ಟು ನಂಬಬಹುದು? ಆ ಅಂಕಿ ಬರೆದು ಸಹಿ ಹಾಕುವುದು ನನ್ನ ಕೆಲಸ. ಶಾಲೆಯಲ್ಲಿ ಮಾರ್ಕ್ಸ್ ಹಾಕುವ ಅಕ್ಕನಿಗೂ ನನಗೂ ಅಂಥ ವ್ಯತ್ಯಾಸವೇನಿಲ್ಲ.

ಇದನ್ನೆಲ್ಲ ಮನೆಯಲ್ಲಿ ಬರೆದಿಡಬಾರದು. ಬರೆಯುತ್ತಿದ್ದೇನೆ.

ಮಾರ್ಚ್ 4, ಮಂಗಳವಾರ

ಪರೀಕ್ಷೆಗೊಂದು ಹಾಳೆ. ಹಾಳೆಯಲ್ಲಿ ಎರಡೇ ಚೌಕ. ಮೇಲಿನದು 'ಹಾರಿತು', ಕೆಳಗಿನದು 'ಹಾರಲಿಲ್ಲ'. ಹನ್ನೆರಡರಲ್ಲಿ ಒಂಬತ್ತು ಹಾರಲಿಲ್ಲ. ಎಪ್ಪತ್ತೈದು. ಹತ್ತು ನಿಮಿಷದ ಕೆಲಸ.

ಸಾಹೇಬರು ಹೇಳಿದರು: ಎಪ್ಪತ್ತು ದಾಟಿದರೆ ಕಾಲುವೆ ಊರಿನ ತಡೆಕ್ಷಿಪಣಿ ಲಾರಿಗಳು, ಬರುವ ಕ್ಷಿಪಣಿಯನ್ನು ಹೊಡೆದು ಉರುಳಿಸುವಂಥವು, ಬೇರೆ ಕಡೆಗೆ. ಎಲ್ಲ ಊರಿಗೂ ಸಾಲುವಷ್ಟು ಲಾರಿ ನಮ್ಮಲ್ಲಿಲ್ಲ.

ಕಾಲುವೆ ಊರಲ್ಲಿ ಅಕ್ಕ ಇದ್ದಾಳೆ. ಲಾರಿಗಳು ನಿಂತಿರುವುದು ಅವಳ ಶಾಲೆಯ ಹಿಂದಿನ ಬಯಲಿನಲ್ಲಿ. ರಾತ್ರಿ ಫೋನಿನಲ್ಲಿ ಅದೇ ಗೋಳು: "ಜನರೇಟರ್ ಸದ್ದಿಗೆ ಮಗ್ಗಿನೂ ಹೇಳ್ಕೊಡೋಕೆ ಆಗಲ್ಲ ಕಣೇ. ಯಾವಾಗ ತೊಲಗ್ತಾವೋ!"



ಮಾರ್ಚ್ 7, ಶುಕ್ರವಾರ

ಒಂದು ಹಾಳೆಯ ಶಾಯಿ ಹರಡಿತ್ತು. ಮೂಲಪ್ರತಿ ತಂದುಕೊಡಲು ಮೈದಾನದ ಮೆಕ್ಯಾನಿಕ್ ಬಂದಿದ್ದ. ನಿವೃತ್ತಿಗೆ ಇಪ್ಪತ್ತು ದಿನ ಬಾಕಿ ಇರುವವನು. ಸಹಿಗೆ ಕಾಯುತ್ತ ಬೆಂಚಿನಲ್ಲಿ ಕೂತಿದ್ದ. ಮಾತಿಗೆ ಮಾತು ಬಂತು.

"ಅದ್ರಲ್ಲಿ ನಾಕು ದಿನ ಚಳಿಗೆ ಬ್ಯಾಟರಿ ಸತ್ತು ಹೋಗಿತ್ತು ಮೇಡಂ. ನೀವು ಒಳಗೆ ನುಗ್ಗಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಅದು ಏಳ್ತಾನೇ ಇರ್ಲಿಲ್ಲ."

"ಹಾಳೇಲಿ ಬರೀಲಿಲ್ವಾ?"

"ಎಲ್ಲಿ ಬರೀಲಿ? ಇರೋದೇ ಎರಡು ಚೌಕ. ಹಾರ್ಲಿಲ್ಲ ತಾನೇ? ಟಿಕ್ ಹಾಕ್ದೆ."

ಆ ಹಾಳೆ ತಯಾರಿಸಿದ್ದು ನಾನೇ. ಆರು ವರ್ಷದ ಹಿಂದೆ, ಹೊಡೆದು ಉರುಳಿಸುವ ಕ್ಷಿಪಣಿಗಳಿಗಾಗಿ. 'ತಾಗಿತು', 'ತಾಗಲಿಲ್ಲ'. ತಾಗಿದರೆ ಚೂರುಗಳು ಸಿಗುತ್ತಿದ್ದವು, ಯಾಕೆ ಎಂದು ಕೇಳುವ ಪ್ರಮೇಯವೇ ಇರಲಿಲ್ಲ. ಈ ಸಲ ಪದ ಬದಲಿಸಿದೆ. ಚೌಕ ಹಾಗೇ ಬಿಟ್ಟೆ.

ನಾಲ್ಕು ತೆಗೆದರೆ ಉಳಿಯುವುದು ಎಂಟು. ಎಂಟರಲ್ಲಿ ಐದು. ಅರವತ್ತೆರಡು. ನಾಚಿಕೆಯಾಯಿತು.

ಮಾರ್ಚ್ 10, ಸೋಮವಾರ

62 ಎಂದು ಬರೆದು ಒಯ್ದೆ. ಸಾಹೇಬರು ಎರಡು ಸಲ ಓದಿದರು.

"ಕಾಲುವೆ ಊರಲ್ಲಿ ನಿಮ್ಮ ಅಕ್ಕ ಇದಾರಲ್ವಾ?"

"ಇದಾರೆ ಸರ್."

"ನಾನು ನಂಬ್ತೀನಿ. ಆದ್ರೆ ಮೇಲಿನೋರು ಕೇಳ್ತಾರೆ. ಆ ಮೆಕ್ಯಾನಿಕ್ ಬರೆದು ಕೊಡ್ತಾನಾ?"

ಫೋನ್ ಮಾಡಿಸಿದರು. ಬ್ಯಾಟರಿಯ ವಿಷಯ ತನಗೆ ನೆನಪೇ ಇಲ್ಲವಂತೆ. ಪಾಪ, ನಿವೃತ್ತಿಗೆ ಇನ್ನು ಹದಿನೇಳೇ ದಿನ.

ಫೈಲ್ ಪಕ್ಕದ ಟೇಬಲ್ಲಿನ ಕನ್ನಡಕದವನಿಗೆ ಹೋಯಿತು. ಕೆಲಸಕ್ಕೆ ಸೇರಿ ಎರಡು ವರ್ಷವಾಗಿಲ್ಲ. ಹಾಳೆ ನೋಡಿದ, 75 ಬರೆದ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಬರೆಯುತ್ತಿದ್ದೆ.

ಬೇರೆ ಊರಾಗಿದ್ದರೆ ಆ ಬೆಂಚಿನಲ್ಲಿ ಮಾತಿಗೆ ಕೂರುತ್ತಿದ್ದೆನೆ? ಗೊತ್ತಿಲ್ಲ.

ಏಪ್ರಿಲ್ 2, ಬುಧವಾರ

ಅಕ್ಕನ ಫೋನ್. ದನಿಯಲ್ಲಿ ಹಬ್ಬ. "ಹೋದ್ವು ಕಣೇ! ಲಾರಿಗಳೆಲ್ಲ ಬೆಳಿಗ್ಗೆನೇ ಹೊರಟ್ವು. ಮಕ್ಳು ಆಗ್ಲೇ ಅಲ್ಲಿ ಚೆಂಡಾಡ್ತಿದಾವೆ."

"ಒಳ್ಳೇದಾಯ್ತು" ಅಂದೆ.

ಏಪ್ರಿಲ್ 9, ಬುಧವಾರ

ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೋಗಿದ್ದರು. ಸ್ವಿಚ್ ನಾನೇ ಹಾಕಿದೆ. ಹೊಡೆಯಲು ಮನಸ್ಸಾಗದೆ ನಿಂತೆ. ಒಂದು ನಿಮಿಷಕ್ಕೆ ತಾನಾಗಿಯೇ ಶುರುವಾಯಿತು. ಅಪ್ಪನಿಗೆ ಹೇಳಲಿಲ್ಲ.

ಮಧ್ಯಾಹ್ನ ಆಫೀಸಿನಲ್ಲಿ ಅಲರ್ಟ್. ಗಡಿಯಾಚೆ ಒಂದು ಕ್ಷಿಪಣಿಯನ್ನು ಎತ್ತಿ ನಿಲ್ಲಿಸಿದ್ದಾರೆ, ನಮ್ಮವರು ಅವರ ಕಂಪ್ಯೂಟರಿನೊಳಗೆ ನುಸುಳಿದ್ದಾರೆ. ನಲವತ್ತು ನಿಮಿಷ ಯಾರೂ ಉಸಿರು ಬಿಡಲಿಲ್ಲ. ಆಮೇಲೆ ಅದನ್ನು ಇಳಿಸಿ ಒಯ್ದರು. ಚಪ್ಪಾಳೆ. ಸಾಹೇಬರು ಹದಿಮೂರನೆಯ ಹಾಳೆ ನನ್ನ ಕೈಗೇ ಕೊಟ್ಟರು.

ಕೆಳಗಿನ ಚೌಕಕ್ಕೆ ಟಿಕ್ ಹಾಕಿದೆ. ಪಕ್ಕದಲ್ಲಿ ಪೆನ್ನಿನಿಂದ ಮೂರನೆಯ ಚೌಕ ಬರೆದು 'ಯಾಕೆ? ಗೊತ್ತಿಲ್ಲ' ಎಂದು ತುಂಬಿದೆ. ಸಾಹೇಬರು ಬೇರೆ ಹಾಳೆ ತರಿಸಿದರು.

ಏಪ್ರಿಲ್ 12, ಶನಿವಾರ

ಸುಳ್ಳು ಹೇಳಿದೆ. ಅಪ್ಪನಿಗೆ ಹುಷಾರಿಲ್ಲ, ತಕ್ಷಣ ಬಾ ಅಂತ. ಅಕ್ಕ ಸಿಕ್ಕಿದ ಬಸ್ಸು ಹಿಡಿದು ಬಂದಳು. ಬಂದಾಗ ಅಪ್ಪ ಏಣಿ ಹತ್ತಿ ಟ್ಯಾಂಕ್ ತೊಳೆಯುತ್ತಿದ್ದರು.

ಅಕ್ಕನ ಬೈಗುಳ ಬೀದಿಗೆಲ್ಲ ಕೇಳಿಸಿತು. ಆಮೇಲೆ ಬಿದ್ದು ಬಿದ್ದು ನಕ್ಕಳು. "ನನ್ನ ನೋಡ್ಬೇಕು ಅನ್ನಿಸಿದ್ರೆ ಹಂಗೇ ಹೇಳ್ಬಾರ್ದಾ, ಪೆದ್ದಿ?"

ಏಪ್ರಿಲ್ 13, ಭಾನುವಾರ

ಇನ್ನೊಂದು ವಾರ ಇರು ಅಂದೆ. "ನಲವತ್ತು ಮಕ್ಳನ್ನ ಯಾರ ಕೈಗೆ ಕೊಡ್ಲಿ?" ಅಂದಳು. ಯಾಕೆ ಇರಬೇಕು ಎಂದು ಕೇಳಿದಳು. ಹೇಳಬಾರದು ಎಂದು ಸಹಿ ಹಾಕಿದ್ದೇನೆ. ಹೇಳಲಿಲ್ಲ. ಬಸ್ಸಿನ ಕಿಟಕಿಯಿಂದ ಕೈ ಬೀಸಿದಳು.

ಏಪ್ರಿಲ್ 15, ಮಂಗಳವಾರ. ಬೆಳಿಗ್ಗೆ 10:20

ರಜೆ ಹಾಕಿದ್ದೆ. ಕನ್ನಡಕದವನ ಫೋನ್, ಲ್ಯಾಂಡ್‌ಲೈನಿಗೆ. "ಮೇಡಂ... ಮೇಲಿನ ಚೌಕ. ಕಾಲುವೆ ಕಡೆಗೇ. ಒಂಬತ್ತು ನಿಮಿಷ." ಇಟ್ಟುಬಿಟ್ಟ. ಮೇಲಿನ ಚೌಕ ಅಂದರೆ 'ಹಾರಿತು'.

ಅಕ್ಕನಿಗೆ ಮಾಡಿದೆ. ಎತ್ತಿದಳು. "ಕ್ಲಾಸಲ್ಲಿದೀನಿ, ಆಮೇಲೆ—" ಅಂದಳು. ಹೇಳಿಬಿಟ್ಟೆ. ಲಾರಿ, ಹಾಳೆ, ಚೌಕ, ನಿಮಿಷ, ಎಲ್ಲ. ಮಕ್ಕಳನ್ನು ಕಾಲುವೆಯ ಸೇತುವೆ ಕೆಳಗೆ ಕರೆದೊಯ್ಯಿ ಅಂದೆ. ಪ್ರಶ್ನೆ ಕೇಳಲಿಲ್ಲ. ಜೀವಮಾನದಲ್ಲಿ ಮೊದಲ ಸಲ. ಫೋನ್ ಆರಿಸಲೂ ಇಲ್ಲ.

ಅದನ್ನು ಕಿವಿಗಿಟ್ಟುಕೊಂಡೇ ಬರೆಯುತ್ತಿದ್ದೇನೆ, ಕೈಗೆ ಬೇರೆ ಕೆಲಸವಿಲ್ಲ. ಬೆಂಚು ಸರಿಯುವ ಸದ್ದು. ಪುಟ್ಟ ಪುಟ್ಟ ಹೆಜ್ಜೆಗಳು, ತುಂಬಾ. ಅಕ್ಕ ಜೋರಾಗಿ ಮಗ್ಗಿ ಹೇಳಿಸುತ್ತ ನಡೆಸುತ್ತಿದ್ದಾಳೆ, ಅಳಬಾರದು ಅಂತ ಇರಬೇಕು. ಎರಡೊಂದಲಿ ಎರಡು. ಹಿತ್ತಲಲ್ಲಿ ಅಪ್ಪ ಮೋಟರಿಗೆ ಹೊಡೆಯುತ್ತಿದ್ದಾರೆ. ಎರಡೇಳಲಿ ಹದಿನಾಲ್ಕು. ಎರಡೆಂಟಲಿ